ಆಯಿ ಆರಿಸಿದ ಗೋಡೆಪಟ್ಟಿ

ಹೋದ ತಿಂಗಳು ತಂಗಿಯ ಮಗಳು ಪಲ್ಲವಿ ನನ್ನ ಮೊಬೈಲಿಗೆ ಮರದ ಪಟ್ಟಿಗಳ ಫೋಟೋಗಳನ್ನು ಕಳಿಸಿದಳು. ಲಾತೂರಿನಲ್ಲಿ ಅವಳ ಮನೆ ಮುಗಿಯುತ್ತ ಬಂದಿದೆ. ಒಳಗೆ ಸಾಗವಾನಿ ಮೆಟ್ಟಿಲು. ಮೆಟ್ಟಿಲು ಗೋಡೆಗೆ ಸೇರುವಲ್ಲಿ ಸಂದು ಕಾಣದಂತೆ ಅಂಚಿಗೆ ಒಂದು ಪಟ್ಟಿ ಹೊಡೆಯಬೇಕಂತೆ. ಉಬ್ಬಿದ್ದು, ಗೀರು ಕೊರೆದದ್ದು, ಬಳ್ಳಿ ಕೆತ್ತಿದ್ದು, ಹೀಗೆ ಒಂದರ ಮೇಲೊಂದು ಬಂದವು. ಯಾವುದು ಚಂದ ಎಂದು ಕೇಳಿದ್ದಳು. ಎಲ್ಲಕ್ಕಿಂತ ತೆಳ್ಳಗಿನ, ಸಪಾಟಾದ ಒಂದಕ್ಕೆ ಗುರುತು ಹಾಕಿ ಕಳಿಸಿದೆ. ಕೂಡಲೇ ಫೋನು ಬಂತು.

"ದೊಡ್ಡವ್ವಾ, ಅದು ಕಾಣೂದೇ ಇಲ್ಲಲ್ಲ. ರೊಕ್ಕ ಉಳಸ್ಲತ್ತಿ ಏನ್ ನಂದು?"

"ಕಾಣಬಾರದು ಅಂತೇ ಹೇಳೀನಿ."

ಅವಳು ನಕ್ಕು ಫೋನು ಇಟ್ಟಳು. ನಾನು ಡೈರಿ ತೆರೆದು ಕೂತೆ. ಉದಗೀರದ ನಮ್ಮ ಮನೆಯ ಮೆಟ್ಟಿಲ ಬಗ್ಗೆ ಈ ಮೊದಲೂ ಬರೆಯಲು ಕೂತು ಹೊಡೆದುಹಾಕಿದ್ದೇನೆ. ಅದರ ಮೇಲಿಂದ ಕುರ್ಚಿಯಲ್ಲಿ ಕೂತು ಇಳಿದು ಬಂದ ಒಂದು ಮುಖ ನನ್ನ ಕಣ್ಣಿನಲ್ಲಿದೆ. ಆದರೆ ಕುರ್ಚಿ ಇಳಿದದ್ದು ಒಂದೇ ಸಲವಲ್ಲ, ಅದರಲ್ಲಿ ಕೂತವರು ಒಬ್ಬರೇ ಅಲ್ಲ. ಆ ಮುಖ ಯಾವ ಸಲದ್ದು ಎಂದು ಪ್ರಮಾಣ ಮಾಡಿ ಹೇಳಲಾರೆ. ಕಾಲೇಜಿನಲ್ಲಿ ಇಷ್ಟು ವರ್ಷ ಇತಿಹಾಸ ಕಲಿಸಿದವಳು ನಾನು; ಸಾಕ್ಷಿ ಇಲ್ಲದ್ದನ್ನು ಬರೆಯಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಇಲ್ಲಿ ನನ್ನ ಬಳಿ ಇರುವ ಸಾಕ್ಷಿ ನಾನೊಬ್ಬಳೇ, ಅದೂ ಫ್ರಾಕು ತೊಡುವ ವಯಸ್ಸಿನ ನಾನು.

ನಮ್ಮದು ಧಾನ್ಯದ ಅಡತಿ ವ್ಯಾಪಾರ ಮಾಡುವ ಮನೆ. ಕೆಳಗಿನ ಅರ್ಧಕ್ಕರ್ಧ ತೊಗರಿ, ಜೋಳದ ಚೀಲಗಳು. ಉಳಿದದ್ದರಲ್ಲಿ ಪಡಸಾಲೆ, ಅಡಿಗೆಮನೆ ಮತ್ತು ನಾವು. ಅಪ್ಪನ ತಂದೆತಾಯಿ, ಅಂದರೆ ನಮ್ಮ ಮುತ್ಯಾ, ಆಯಿ, ಇಬ್ಬರೂ ಮೇಲಿನ ಕೋಣೆಯಲ್ಲಿ. ಮೇಲಕ್ಕೆ ಹೋಗುವ ಮೆಟ್ಟಿಲಿಗೆ ನಾವು ಜೀನಾ ಎನ್ನುತ್ತಿದ್ದೆವು. ಗೋಡೆಗೆ ಹತ್ತಿಕೊಂಡೇ ಏರಿ, ನಡುವೆ ಒಮ್ಮೆ ತಿರುಗಿ, ಮತ್ತೆ ಏರುತ್ತಿತ್ತು. ಮರವೆಲ್ಲ ಹಳೆಯ ಸಾಗವಾನಿ, ಕಾಲು ಉಜ್ಜಿ ಉಜ್ಜಿ ಕಂದಾಗಿತ್ತು. ಬೀದರಿನ ಯಾವುದೋ ದೊಡ್ಡ ಮನೆಯಲ್ಲಿ ಕಂಡದ್ದೆಂದು ಮುತ್ಯಾ ಗೋಡೆಯ ಬದಿಗೆ ಉದ್ದಕ್ಕೂ ಗೇಣಗಲದ ಕೆತ್ತಿದ ಪಟ್ಟಿ ಹೊಡೆಸಿದ್ದ. ಅದು ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿತ್ತು. ಮನೆಗೆ ಬಂದವರು ಅದನ್ನು ಮುಟ್ಟಿ ನೋಡಿ ಹೊಗಳಬೇಕು. ಹೊಗಳಿದವರಿಗೆ ಚಹಾದ ಜೊತೆ ಶೇಂಗಾದ ಉಂಡೆಯೂ ಬರುತ್ತಿತ್ತು. ತಿರುವಿನ ಹತ್ತಿರ ಮಾತ್ರ ಪಟ್ಟಿಗೂ ಮೆಟ್ಟಿಲಿಗೂ ನಡುವೆ ಮರ ಒಣಗಿ ಬಾಯಿ ಬಿಟ್ಟಿತ್ತು. ಆ ಸಂದಿಯ ಒಳಗಿನ ಕತ್ತಲೆಯಿಂದ ಹಳೆಯ ಜೋಳದ ವಾಸನೆಯೂ ಸಣ್ಣ ತಣ್ಣನೆ ಗಾಳಿಯೂ ಬರುತ್ತಿತ್ತು. ತಂಗಿ ಸುಮನ ಅದಕ್ಕೆ ಕಿವಿಯಿಟ್ಟು, ಒಳಗೆ ಯಾರೋ ಎಣಿಸುತ್ತಿದ್ದಾರೆ ಎನ್ನುತ್ತಿದ್ದಳು.

ಮುತ್ಯಾ ಒಂದು ಬೆಳಿಗ್ಗೆ ಪೂಜೆಗೆ ಕೂತಲ್ಲೇ ತೀರಿಕೊಂಡ. ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಹಾಗೇ ಇತ್ತು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಕೂತಂತೆಯೇ ಒಯ್ದು, ಕೂತಂತೆಯೇ ಮಣ್ಣಿಗೆ ಕೊಡುತ್ತಾರೆ. ಲಿಂಗವನ್ನು ಮಠದ ಅಯ್ಯನವರು ಅಂಗೈಗೆ ಕೊಡುವುದು ಸಮಾಧಿಯಲ್ಲಿ. ಅಲ್ಲಿಯವರೆಗೆ ಕೊರಳಿಗೆ ಕಟ್ಟುವ ಬೆಳ್ಳಿಯ ಕರಡಿಗೆಯಲ್ಲಿ ಇಡೋಣ ಎಂದು ಅವರು ಕೈ ಮುಂದೆ ಮಾಡಿದರೆ ಆಯಿ ಬಿಡಲಿಲ್ಲವಂತೆ.

"ಅವರು ಹಿಡ್ಕೊಂಡೇ ಹೋಗ್ಯಾರ. ಬಿಡಸ್ಲಿಕ್ಕ ನಾವ್ಯಾರು?"

ಅಳುವವಳ ಜೊತೆ ವಾದ ಮಾಡುವುದು ಹೇಗೆ? ಶಾಲು ಹೊದಿಸಿ, ಕುರ್ಚಿಯಲ್ಲಿ ಕೂಡ್ರಿಸಿ, ಅಪ್ಪ, ಕಾಕಾ, ಮೊಂಢಾದ, ಅಂದರೆ ಧಾನ್ಯಪೇಟೆಯ, ಇಬ್ಬರು ಹಮಾಲರು ಸೇರಿ ಎತ್ತಿದರು. ನಾನೂ ಸುಮನನೂ ಕೆಳಗೆ ಚೀಲಗಳ ಸಂದಿನಲ್ಲಿ ನಿಂತಿದ್ದೆವು. ತಿರುವಿಗೆ ಬಂದಾಗ ಕುರ್ಚಿಯ ಎಡಗಾಲು ಆ ಕೆತ್ತನೆಯ ಪಟ್ಟಿಗೆ ಸಿಕ್ಕಿಬಿತ್ತು.

"ಜರಾ ಹಿಂದಕ್ಕ ಸರೀ, ಹಿಂದಕ್ಕ," ಎಂದ ಅಪ್ಪ.

"ಹಿಂದಕ್ಕ ಜಾಗಾ ಎಲ್ಲದ ಅಣ್ಣಾ? ಎತ್ತು, ಮ್ಯಾಲ ಎತ್ತು."

ಎಡಗಾಲು ಹಿಡಿದವನು ಕಾಕಾ. ಅವನು ಜಗ್ಗಿದ. ಮುತ್ಯಾ ಕುರ್ಚಿಯೊಳಗೆ ಗೋಡೆಯ ಕಡೆಗೆ ವಾಲಿದ. ಜೀವವಿದ್ದವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಲು ವಾಲುವಂತೆ. ಆಗ ಗೋಡೆಯೊಳಗೆ, ಖಾಲಿ ಗಡಿಗೆಯಲ್ಲಿ ಹುಣಸೆಬೀಜ ಬಿದ್ದಂಥ ಸದ್ದಾಯಿತು. ಇದನ್ನು ನಾನು ಕೇಳಿದೆ ಎಂದು ಬರೆಯುತ್ತಿದ್ದೇನೆ. ಆದರೆ ಅಷ್ಟು ಜನರ ಅಳುವಿನ ನಡುವೆ ಅಷ್ಟು ಸಣ್ಣ ಸದ್ದು ಹೇಗೆ ಕೇಳಿತೋ ತಿಳಿಯದು. ಹಿಂದೆಯೇ ಇಳಿಯುತ್ತಿದ್ದ ಆಯಿ ಬಗ್ಗಿ ಶಾಲಿನೊಳಗೆ ಕೈ ಹಾಕಿ, ಮುತ್ಯಾನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದಳು. ಪಟ್ಟಿಯ ಒಂದು ತುಂಡು ಮುರಿಯಿತು, ಕುರ್ಚಿ ಬಿಡಿಸಿಕೊಂಡಿತು. ಎಲ್ಲರೂ ಕೆಳಗೆ ಬಂದರು.

ಅಂದಿನಿಂದ ಆಯಿ ಕೆಳಗಿಳಿಯುವುದನ್ನು ಬಿಟ್ಟಳು. ಊಟದ ತಾಟು ಮೇಲೆ ಒಯ್ಯುವ ಕೆಲಸ ನನ್ನದಾಯಿತು. ಎರಡು ರೊಟ್ಟಿ, ಪುಂಡಿಪಲ್ಲೆ, ಒಂದು ಹಸಿ ಉಳ್ಳಾಗಡ್ಡಿ. ಗೋಡೆಯ ಬದಿಗೆ ಕಾಲಿಡದೆ ಹೊರಗಂಚಿನಲ್ಲೇ ಹತ್ತುತ್ತಿದ್ದೆ. ಆಯಿಯ ಪೂಜೆ ಮುಗಿದಿರದಿದ್ದರೆ ಹೊಸ್ತಿಲಲ್ಲಿ ನಿಂತು ಕಾಯಬೇಕು, ಕಣ್ಣು ತಗ್ಗಿಸಬೇಕು. ಅವ್ವ ಹಾಗೆ ಹೇಳಿ ಕಳಿಸುತ್ತಿದ್ದಳು. ಒಂದು ದಿನ ತಗ್ಗಿಸಲಿಲ್ಲ. ಆಯಿ ಗೋಡೆಗೆ ಬೆನ್ನು ಆನಿಸಿ, ಎದೆಯ ಮಟ್ಟಕ್ಕೆ ಎಡಗೈ ಹಿಡಿದು, ರೆಪ್ಪೆ ಬಡಿಯದೆ ಅಂಗೈಯನ್ನೇ ನೋಡುತ್ತಿದ್ದಳು. ಅಂಗೈಯಲ್ಲಿ ವಿಭೂತಿಯ ಗುರುತಿತ್ತು, ಒಂದು ಬಿಳಿ ಹೂವಿತ್ತು. ಲಿಂಗ ಇರಲಿಲ್ಲ. ಹೂವಿನ ಅಡಿಯಲ್ಲಿ ಇರಬಹುದೆಂದುಕೊಂಡೆ. ಹೂವು ಅಷ್ಟು ದೊಡ್ಡದಾಗಿರಲಿಲ್ಲ. ಆಕೆ ಕೂತ ರೀತಿಯೂ ನನಗೆ ಹಿಡಿಸಲಿಲ್ಲ. ಮುತ್ಯಾನನ್ನು ಕೂಡ್ರಿಸಿದ್ದ ಜಾಗದಲ್ಲೇ, ಅದೇ ಗೋಡೆಗೆ, ಅಷ್ಟೇ ನೆಟ್ಟಗೆ. ತಾಟು ಇಟ್ಟು ಓಡಿ ಬಂದು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಣ್ಣು ತಗ್ಗಿಸು ಅಂದಿದ್ದೆ ಇಲ್ಲ? ತಗ್ಗಿಸಿದ್ರ ಕಾಣ್ತಿದ್ದಿಲ್ಲ."

ಮಳೆಗಾಲ ಮುಗಿದ ಮೇಲೆ ಅಪ್ಪ ಮುರಿದ ತುಂಡನ್ನು ಸರಿಮಾಡಿಸಲು ಮಿಸ್ತ್ರಿಯನ್ನು ಕರೆಸಿದ. ರಶೀದ ಮಿಸ್ತ್ರಿ ಮಾತುಗಾರ. ಕೆಲಸಕ್ಕಿಂತ ಮೊದಲು ಚಹಾ, ಚಹಾಕ್ಕಿಂತ ಮೊದಲು ಊರ ಸುದ್ದಿ. ಅವನು ಪಟ್ಟಿಗಳ ತುಂಡುಗಳನ್ನು ಪಡಸಾಲೆಯಲ್ಲಿ ಹರವಿದಾಗ ಅಪ್ಪ ಮುತ್ಯಾನದರಂಥದೇ ಕೆತ್ತನೆಯದನ್ನು ಎತ್ತಿಕೊಂಡ. ಅಷ್ಟರಲ್ಲಿ ಮೇಲಿನಿಂದ ಆಯಿಯ ದನಿ ಬಂತು.

"ಎಲ್ಲಾ ಇಲ್ಲಿ ತಗೊಂಡು ಬಾ, ರಶೀದ. ನಾ ಇಳಿಯೂ ಜೀನಾ ಅದ. ನಾ ನೋಡ್ತೀನಿ."

"ಇಳೀಲಿಕ್ಕ ಎಲ್ಲಿ ಬರ್ತಿ ಅವ್ವಾ ನೀ? ವರ್ಷ ಆಗ್ಲಿಕ್ಕ ಬಂತು ಕೆಳಗ ಬಂದಿಲ್ಲ," ಎಂದ ಕಾಕಾ, ನಗಿಸಲೆಂದು.

"ಒಮ್ಮೆ ಇಳಿಯೂದು ಅದ ಅಲ್ಲೇನು, ಅದಕ್ಕ."

ಆ ದಿನ ಊಟದ ಹೊತ್ತಿಗೆ ಅಪ್ಪನಿಗೂ ಕಾಕಾನಿಗೂ ಜಗಳ. ಅಪ್ಪನ ಮೇಲೆ ಮನೆಯ ಮರ್ಯಾದೆಯ ಭಾರ: ತಂದೆ ಹಾಕಿಸಿದ್ದನ್ನು ಮಗ ತೆಗೆಸಿದ ಎಂದು ಮಂದಿ ಅನ್ನುತ್ತಾರೆ. ಕಾಕಾ ತುತ್ತು ಕೈಯಲ್ಲೇ ಹಿಡಿದು, "ಆ ಪಟ್ಟಿ ನನಗ ನೋಡ್ಲಿಕ್ಕ ಆಗೂದಿಲ್ಲ ಅಣ್ಣಾ. ಸುಟ್ಟು ಹಾಕು," ಎಂದ. ಯಾಕೆಂದು ಅಪ್ಪ ಕೇಳಲಿಲ್ಲ. ಆ ಕೇಳದೇ ಇದ್ದದ್ದು ನನಗೆ ನೆನಪಿದೆ. ತಾಟಿನಲ್ಲಿ ಬೇಳೆ ತಣ್ಣಗಾಗುತ್ತಿತ್ತು.

ಮೇಲೆ ಆಯಿ ಕಣ್ಣು ಮುಚ್ಚಿಕೊಂಡು ತುಂಡುಗಳನ್ನು ಆರಿಸಿದಳು. ಒಂದೊಂದರ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಉಬ್ಬು ಹತ್ತಿದೊಡನೆ ಬದಿಗೆ ಸರಿಸುತ್ತಿದ್ದಳು.

"ಅಮ್ಮಾ, ಇದು ಸಪಾಟ್ ಅದ. ಇದರಾಗ ಶೋಭಾ ಏನೂ ಇಲ್ಲ," ಎಂದ ರಶೀದ.

"ಶೋಭಾ ಯಾರಿಗಿ ಬೇಕಾಗ್ಯಾದ? ಕೂತು ಹೋಗೂ ಮಂದಿಗಿ ಹಾದಿ ಬೇಕು."

"ಕೂತು ಹೋಗೂ ಮಂದಿ ಅಂದ್ರ?"

ಆಯಿ ಕಣ್ಣು ತೆರೆದು ಅವನನ್ನು ನೋಡಿದಳು. ಅವನಿಗೆ ಅರ್ಥವಾಯಿತು. ಆ ಮಧ್ಯಾಹ್ನ ಅವನು ಮತ್ತೆ ಊರ ಸುದ್ದಿ ಎತ್ತಲಿಲ್ಲ.

ಮರುದಿನ ಹಳೆಯ ಪಟ್ಟಿ ಕೀಳಲು ಶುರುಮಾಡಿದ. ಅಪ್ಪ, ಕಾಕಾ ಮೊಂಢಾಕ್ಕೆ ಹೋಗಿದ್ದರು. ತಿರುವಿನ ತುಂಡು ಬಿಚ್ಚಿ ಸಂದಿಯೊಳಗೆ ಕೈ ಹಾಕಿದವನು, ಕೈಯನ್ನು ಹಾಗೇ ಒಳಗಿಟ್ಟುಕೊಂಡು ನಿಂತ.

"ಅಕ್ಕಾರೆ," ಎಂದು ಅವ್ವನನ್ನು ಕರೆದ. "ಗುಂಡನ್ನ ಕಲ್ಲೊಂದು ಕೈಗಿ ಹತ್ತಿದಂಗ ಆಗ್ಲತ್ತದ. ನಿಮ್ಮ ದೇವ್ರು ಇದ್ದಂಗದ. ನಾ ತಗೀಲ್ಯೋ ಬ್ಯಾಡೋ?"

ಅವ್ವ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮೇಲಿನ ಬಾಗಿಲು ತೆರೆದಿತ್ತು. ಆಯಿ ಗೋಡೆ ಹಿಡಿದು, ಗೋಡೆಯ ಬದಿಯಲ್ಲೇ, ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಮಿಸ್ತ್ರಿಯನ್ನು ಸರಿಸಿ ಸಂದಿಗೆ ತಾನೇ ಕೈ ಹಾಕಿದಳು. ಹೊರಬಂದದ್ದಕ್ಕೆ ಜೇಡರಬಲೆ, ಜೋಳದ ಹೊಟ್ಟು ಮೆತ್ತಿದ್ದವು. ಸೆರಗಿನಿಂದ ಒರೆಸಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯ ಮುಚ್ಚಳ ತೆಗೆದಳು. ಕರಡಿಗೆ ಖಾಲಿ ಇತ್ತು. ಈ ಸಲ ನನ್ನೊಬ್ಬಳದೇ ಸಾಕ್ಷಿಯಲ್ಲ, ಅವ್ವನೂ ನೋಡಿದಳು.

"ಅತ್ತಿ, ನಿಮ್ಮದು?" ಎಂದಳು ಅವ್ವ, ಬಹಳ ಮೆಲ್ಲಗೆ.

"ನಂದು ಅವರ ಕೈಯಾಗ ಹೋತು. ಖಾಲಿ ಕೈ ಹ್ಯಾಂಗ ಕಳಸ್ಲಿ? ನಾನೇ ಹಟಾ ಮಾಡಿದ್ದೆ, ಕೈಯಾಗೇ ಇರ್ಲಿ ಅಂತ."

"ಆಗೇ ಹೇಳಿದ್ರ ಸಂದಿ ಬಿಚ್ಚಸ್ತಿದ್ರಲ್ರೀ. ಅಯ್ಯನವರ ಕಡಿಂದ ಬ್ಯಾರೆ ಲಿಂಗ ಕಟ್ಟಸ್ಕೊಳ್ಳಲಿಕ್ಕ ಬರ್ತಿತ್ತು."

"ಯಾಕ ಅಂತ ಕೇಳ್ತಿದ್ರಿಲ್ಲ ಅಯ್ಯನವರು? ಕುರ್ಚಿ ಕಾಲು ಹಿಡದಿದ್ದು ಯಾರು? ಸಣ್ಣಾಂವ. ಅಂವಾ ಸಾಯೂತನಕ ತಲಿ ಎತ್ತತಿದ್ದಿಲ್ಲ." ಕರಡಿಗೆ ಮುಚ್ಚಿ, ನನ್ನ ಕಡೆ ತಿರುಗಿದಳು. "ಲಿಂಗ ಹೋದ ಮ್ಯಾಲ ಮನಶ್ಯಾ ಇರೂದಿಲ್ಲವ್ವಾ. ನಾ ಹೋಗಿ ಬಾಳ ದಿನಾ ಆತು. ನಿಮಗ ಗೊತ್ತಾಗಿಲ್ಲ, ಊಟ ಕಳಸ್ಲತ್ತೀರಿ."

ಇದನ್ನು ಆಕೆ ಹೆದರಿಸಲೆಂದು ಹೇಳಲಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲೇ ಹೇಳಿದಳು. ಆಮೇಲೆ ಅದೆಷ್ಟು ದಿನ ನಾನು ತಾಟು ಒಯ್ಯುವಾಗ ಆಕೆಯ ಎದೆ ಏರಿಳಿಯುತ್ತದೆಯೋ ಇಲ್ಲವೋ ನೋಡುತ್ತಿದ್ದೆ. ಏರಿಳಿಯುತ್ತಿತ್ತು. ಅದರಿಂದ ಸಮಾಧಾನವಾಗುತ್ತಿರಲಿಲ್ಲ. ಅವ್ವ ಕಾಕಾನಿಗೆ ಎಂದೂ ಹೇಳಲಿಲ್ಲ. ಕಾಕಾನಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಹೊಸ ಪಟ್ಟಿಯನ್ನು ರಶೀದ ಮೊದಲು ತಿರುವಿನಲ್ಲಿ ಮಾತ್ರ ಸಣ್ಣ ಮೊಳೆ ಹೊಡೆದು ನಿಲ್ಲಿಸಿದ. ಪೂರ್ತಿ ಹೊಡೆಯುವ ಮೊದಲು ತನ್ನನ್ನು ಕುರ್ಚಿಯಲ್ಲಿ ಇಳಿಸಿ ನೋಡಬೇಕು ಎಂದಳು ಆಯಿ. ಅಪ್ಪ ಕೈ ಮುಗಿದ.

"ಅವ್ವಾ, ಜೀವ ಇದ್ದಾಕಿನ್ನ ಹಂಗ ಹ್ಯಾಂಗ ಹೊರಬೇಕು? ನೋಡಿದ ಮಂದಿ ಏನಂದಾರು?"

"ಮಂದಿ ನೋಡೂ ದಿನಾ ಮತ್ತ ವಾಲಸ್ತಿ ಏನು ನನಗ? ನಿಮ್ಮ ಅಪ್ಪನ್ನ ವಾಲಿಸಿದಂಗ? ನನಗ ನೆಟ್ಟಗ ಇಳಸ್ರಿ. ಕೈಯಾಗಿಂದು ಕೈಯಾಗೇ ಇರಬೇಕು. ಮತ್ತೇನೂ ಬೇಡೂದಿಲ್ಲ ನಾ."

ಆಕೆ ಬೇಡಿದ್ದು ಅದೊಂದೇ. ಬಂಗಾರ ಬೇಡಲಿಲ್ಲ, ಕಾಶಿಗೆ ಒಯ್ಯಿ ಎನ್ನಲಿಲ್ಲ. ಮಧ್ಯಾಹ್ನ ಬಿಸಿಲು ಪಡಸಾಲೆಯವರೆಗೂ ಬಂದಿದ್ದಾಗ, ಬೀದಿಬಾಗಿಲು ಹಾಕಿ, ಅಪ್ಪ, ಕಾಕಾ, ಇಬ್ಬರು ಹಮಾಲರು ಮುತ್ಯಾನ ಕುರ್ಚಿಯನ್ನೇ ಎತ್ತಿದರು. ಆಯಿ ಬಿಳಿ ಇಳಕಲ್ ಸೀರೆಯ ಸೆರಗು ಹೊದ್ದು, ಎಡಗೈ ಎದೆಯ ಮಟ್ಟಕ್ಕೆ ಹಿಡಿದು, ಕಣ್ಣು ಮುಚ್ಚಿದಳು. ಹಮಾಲರಲ್ಲಿ ಒಬ್ಬ ರೂಢಿಯಂತೆ ಶಿವಶಿವಾ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ತಿರುವಿನಲ್ಲಿ ಮರ ಮರಕ್ಕೆ ಉಜ್ಜಿದ ಸದ್ದು ಬಂತು. ಕೆಳಗಿಳಿಸಿ ಪಡಸಾಲೆಯ ನಡುವೆ ಇಟ್ಟರು. ಆಯಿ ಕಣ್ಣು ತೆರೆಯಲಿಲ್ಲ. ಅಪ್ಪ ಕರೆದ. ಮತ್ತೊಮ್ಮೆ ಕರೆದ. ಕಾಕಾ ಬಗ್ಗಿ ಮೂಗಿನ ಹತ್ತಿರ ಬೆರಳು ಒಯ್ದವನು ನಡುವೆಯೇ ನಿಲ್ಲಿಸಿದ. ಆಕೆಯ ತಲೆ ಸ್ವಲ್ಪವೂ ವಾಲಿರಲಿಲ್ಲ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅದು ಪೂರ್ತಿ ದೂರವಾದ ಮೇಲೆ ಆಯಿ ಬಾಯಿ ತೆರೆದಳು.

"ಎರಡು ಕಡಿ ತಾಕ್ತು. ಇನ್ನಾ ತೆಳ್ಳಗ ಮಾಡು, ರಶೀದ."

ಸುಮನ ಇದೆಲ್ಲ ನಡೆದೇ ಇಲ್ಲ ಎನ್ನುತ್ತಾಳೆ. ಆಯಿ ಬಗ್ಗೆ ಮನೆಯಲ್ಲಿ ಆಡಿಕೊಂಡ ಮಾತನ್ನೂ ಮುತ್ಯಾನನ್ನು ಇಳಿಸಿದ್ದನ್ನೂ ಸೇರಿಸಿ ನಾನು ಹೊಲಿದಿದ್ದೇನಂತೆ. "ನೀ ಆ ದಿನಾ ಜ್ವರ ಬಂದು ಮಲಗಿದ್ದಿ ಅಕ್ಕಾ," ಎನ್ನುತ್ತಾಳೆ. ಇರಬಹುದು. ಆದರೆ ಹಾಗಾದರೆ ಆ ಸೈಕಲ್ ಗಂಟೆ ಎಲ್ಲಿಂದ ಬಂತು ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಮುತ್ಯಾ ಇಳಿದ ದಿನ ಬೀದಿ ತುಂಬ ಜನ. ಸೈಕಲ್ ಹಾಯಲು ಜಾಗವೇ ಇರಲಿಲ್ಲ.

ರಶೀದ ಪಟ್ಟಿಗೆ ಮತ್ತೆ ರಂದಾ ಹೊಡೆದ. ಮರದ ಸುರುಳಿಗಳು ಪಡಸಾಲೆಯೆಲ್ಲ ಹರಡಿ, ನಾವು ಅವನ್ನು ಬಳೆಯಂತೆ ತೊಟ್ಟುಕೊಂಡು ಆಡಿದೆವು. ಪಟ್ಟಿ ಕೊನೆಗೆ ಬೆರಳಿನಷ್ಟು ಅಗಲ, ರೊಟ್ಟಿಯಷ್ಟು ದಪ್ಪ ಉಳಿಯಿತು. ತಿರುವಿನಲ್ಲಿ ಎರಡು ತುಂಡುಗಳನ್ನು ಓರೆಯಾಗಿ ಕೊಯ್ದು ಕೂಡಿಸಿದ. ಮೊದಲ ಸಲ ತಪ್ಪಿ ಕೂದಲೆಳೆಯಷ್ಟು ಬೆಳಕು ಕಂಡಿತು. ಅದನ್ನು ಮೇಣದಿಂದ ತುಂಬಿಬಿಡುತ್ತೇನೆ ಎಂದದ್ದಕ್ಕೆ ಆಯಿ ಒಪ್ಪದೆ ಬೇರೆ ಕೊಯ್ಯಿಸಿದಳು. ಅವನು ಗೊಣಗಿಕೊಂಡೇ ಕೊಯ್ದ. ಮೊಳೆಯ ತಲೆಗಳನ್ನು ಮರದೊಳಕ್ಕೆ ಇಳಿಸಿ ಪಾಲಿಶ್ ಬಳಿದ ಮೇಲೆ ಗೋಡೆಗೂ ಮೆಟ್ಟಿಲಿಗೂ ನಡುವೆ ಒಂದು ಗೆರೆ ಮಾತ್ರ ಕಾಣುತ್ತಿತ್ತು. ಗಾಳಿ ನಿಂತಿತು, ಜೋಳದ ವಾಸನೆ ನಿಂತಿತು. ಸುಮನ ಕಿವಿಯಿಟ್ಟು, ಈಗ ಎಣಿಸುತ್ತಿಲ್ಲ ಎಂದಳು. ಮತ್ತೆ, ಮುಗಿದಿರಬೇಕು ಎಂದಳು. ಮೆಟ್ಟಿಲು ಕಿರುಗುಟ್ಟುವುದೂ ಕಡಿಮೆಯಾಯಿತು. ಅದು ನಮಗೆ ಮೊದಲಿಗಿಂತ ಕಷ್ಟವಾಯಿತು. ಆಯಿ ಈಗ ಆಗಾಗ ಕೆಳಗಿಳಿಯುತ್ತಿದ್ದಳು, ಸದ್ದಿಲ್ಲದೆ. ಪಾಠ ಓದುತ್ತಿದ್ದವರು ತಲೆಯೆತ್ತಿದರೆ ಪಕ್ಕದಲ್ಲಿ ನಿಂತಿರುತ್ತಿದ್ದಳು.

ಹೀಗೆ ಇಳಿಯುವ ರೂಢಿಯಾದ ಮೇಲೆಯೇ ಒಂದು ಚಳಿಗಾಲದಲ್ಲಿ ಮಗಳ ಮನೆಗೆಂದು ಔರಾದ ಶಹಾಜನಿ ಊರಿಗೆ ಹೋದಳು. ಅಲ್ಲಿ ಸಂತೆಯ ದಿನ, ಬೆಳಗಿನ ಪೂಜೆ ಮುಗಿಸಿ, ಊಟ ಮಾಡಿ, ಅಂಗಳದ ಬಿಸಿಲಿನಲ್ಲಿ ಕೂತಲ್ಲೇ ತೀರಿಕೊಂಡಳು. ಅದು ಒಂದೇ ಅಂತಸ್ತಿನ ಮನೆ. ಅಪ್ಪ, ಕಾಕಾ ಜೀಪಿನಲ್ಲಿ ತಮ್ಮಿಬ್ಬರ ನಡುವೆ ಕೂಡ್ರಿಸಿಕೊಂಡು ಉದಗೀರಕ್ಕೆ ತಂದರು. ದಾರಿಯಲ್ಲಿ ಎತ್ತಿನಗಾಡಿಗಳಿಗೆ ಹಾದಿ ಬಿಡಲು ಜೀಪು ನಿಂತಾಗ, ಪರಿಚಯದ ಒಬ್ಬ ಮುದುಕ ಕಿಟಕಿಯಲ್ಲಿ ಬಗ್ಗಿ "ಶರಣ್ರೀ ಅಮ್ಮಾ" ಎಂದನಂತೆ, ಅಪ್ಪ ಆಕೆಯ ಪರವಾಗಿ "ಶರಣು" ಎಂದನಂತೆ. ಮುದುಕ ಸಂತೋಷದಿಂದ ಹೋದನಂತೆ. ಕಾಕಾ ಇದನ್ನು ಎಷ್ಟೋ ವರ್ಷ ಹೇಳುತ್ತಿದ್ದ, ಪ್ರತಿ ಸಲವೂ ಕೊನೆಗೆ ಕೈ ಉಜ್ಜಿಕೊಳ್ಳುತ್ತಿದ್ದ.

ಮನೆಯ ಮುಂದೆ ಜೀಪು ನಿಂತಾಗ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅಪ್ಪ ಅದರ ಕಡೆ ನೋಡಲಿಲ್ಲ.

"ಮ್ಯಾಲ ನಡೀರಿ. ಆಕಿ ಖೋಲ್ಯಾಗ ಕೂಡ್ರಸಬೇಕು."

"ಮ್ಯಾಲ ಯಾಕ್ರಿ ಮತ್ತ?" ಎಂದರು ಅಯ್ಯನವರು. "ಒಯ್ದು ಮತ್ತ ಇಳಸಬೇಕಲ್ಲ. ತೀರ್ಕೊಂಡವರ್ನ ಹತ್ತಸೂ ಪದ್ಧತಿ ನಾ ಎಲ್ಲೂ ಕಂಡಿಲ್ಲ."

"ಇಳಸ್ಲಿಕ್ಕೇ ಹತ್ತಸ್ಲತ್ತೀನ್ರಿ. ಆಕಿ ಬೇಡಿದ್ದು ಅದೊಂದೇ ಅದ."

ಅಯ್ಯನವರು ಕಾಕಾನನ್ನು ನೋಡಿದರು, ಅಣ್ಣನಿಗೆ ಬುದ್ಧಿ ಹೇಳು ಎನ್ನುವಂತೆ. ಕಾಕಾ ಕುರ್ಚಿಯ ಎಡಗಾಲಿನ ಬಳಿ ಹೋಗಿ ಬಗ್ಗಿದ. ಹತ್ತಿಸಿದರು. ಮೇಲಿನ ಕೋಣೆಯಲ್ಲಿ ಗೋಡೆಗೆ ಆನಿಸಿ ಕೂಡ್ರಿಸಿ, ಪೂಜೆ ಮಾಡಿ, ಕರಡಿಗೆಯಿಂದ ಲಿಂಗ ತೆಗೆದು ಆಕೆಯ ಅಂಗೈಯಲ್ಲಿ ಇಟ್ಟರು. ಈ ಸಲ ಬೇಡ ಎನ್ನುವವರು ಯಾರೂ ಇರಲಿಲ್ಲ. ಯಾರ ಲಿಂಗವೆಂದು ನನ್ನ ಹೊರತು ಗೊತ್ತಿದ್ದವಳು ಅವ್ವ ಒಬ್ಬಳೇ. ಆಕೆ ಸೆರಗಿನ ಅಂಚು ಕಚ್ಚಿಕೊಂಡು ನಿಂತಿದ್ದಳು. ಆಮೇಲೆ ಇಳಿಸತೊಡಗಿದರು. ನಾನು ಕೆಳಗೆ ನಿಂತಿದ್ದೆ. ಮನೆ ತುಂಬ ಜನವಿದ್ದರೂ ಕುರ್ಚಿ ತಿರುವಿಗೆ ಬಂದಾಗ ಅಳುವವರೂ ಅಳು ನಿಲ್ಲಿಸಿದರು. ಕಾಕಾನ ಕೊರಳಿನ ನರ ಉಬ್ಬಿತ್ತು. ಕುರ್ಚಿ ಮೆಲ್ಲಗೆ ತಿರುಗಿತು. ಆಯಿ ವಾಲಲಿಲ್ಲ. ಅಂಗೈ ಎದೆಯ ಮಟ್ಟದಲ್ಲಿ ಹಾಗೇ ಇತ್ತು, ಅದರಲ್ಲಿದ್ದದ್ದೂ ಹಾಗೇ ಇತ್ತು. ಕುರ್ಚಿಯನ್ನು ಪಡಸಾಲೆಯಲ್ಲಿ ಇಳಿಸಿದ ಮೇಲೆ ಅಪ್ಪ ತಿರುಗಿ ಒಬ್ಬನೇ ಮೇಲೆ ಹೋದ. ತುದಿಯಿಂದ ಬುಡದವರೆಗೆ ಗೋಡೆಪಟ್ಟಿಯ ಮೇಲೆ ಅಂಗೈ ಎಳೆಯುತ್ತ, ತಿರುವಿನಲ್ಲಿ ಎರಡೆರಡು ಸಲ ಸವರುತ್ತ ಇಳಿದ. ಯಾರಿಗೂ ಜಾಗ ಬಿಡಿ ಎನ್ನದೆ ಜನರ ನಡುವೆ ಹಾದು, ಕುರ್ಚಿಯ ಮುಂದೆ ಮೊಣಕಾಲೂರಿ ಕೂತ.

"ಅವ್ವಾ," ಎಂದ. "ಎಲ್ಲೂ ತಾಕಿಲ್ಲ."

ಅಯ್ಯನವರು ಮುಂದಿನದಕ್ಕೆ ಕೈ ಹಚ್ಚಲಿಲ್ಲ. ಕಾಕಾ, ಅವ್ವ, ಹಮಾಲರು, ನಾನು, ಎಲ್ಲರೂ ಆಕೆಯ ಮುಚ್ಚಿದ ಕಣ್ಣುಗಳನ್ನೇ ನೋಡುತ್ತ ನಿಂತೆವು. ತೀರಿಕೊಂಡವರ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯಬೇಕೋ ಅದಕ್ಕಿಂತ ಹೆಚ್ಚೇ ಕಾದೆವೆಂದು ನನಗೆ ಅನಿಸುತ್ತದೆ.